ಡೀಸೆಲ್ಲಿಗೂ ದಾನ ಸಿಕ್ಕಿದ ವರ್ಷ

ಕೊಡಗಲ್ಲಿ ಕೊಡೋ ಕೈಗೆ ಯಾವತ್ತೂ ಬರ ಇಲ್ಲ. ತಾತನ ಹೆಸರಲ್ಲೊಂದು ಸ್ಕಾಲರ್‌ಶಿಪ್ಪು, ಒಕ್ಕದ (ಕೊಡವರ ಮನೆತನದ) ಹೆಸರಲ್ಲೊಂದು ಟ್ರಸ್ಟು, ಮಿಲಿಟ್ರಿಯಿಂದ ರಿಟೈರ್ ಆಗಿ ಬಂದವರು ಸೇರಿ ಮಾಡಿದ್ದು, ಬೆಂಗಳೂರಲ್ಲಿ ನೆಲೆಸಿರೋರು ಊರಿಗೆ ಅಂತ ಎತ್ತಿಟ್ಟಿದ್ದು, ಹೀಗೆ ಹುಡುಕ್ತಾ ಹೋದ್ರೆ ಊರೂರಲ್ಲೂ ಸಿಗುತ್ತೆ. ಟಾಟಾ ಕಾಫಿಯವರು ಮಾಡಿದ ಕೂರ್ಗ್ ಫೌಂಡೇಶನ್ ಥರದ್ದು ಬೇರೆ ಲೆಕ್ಕ, ನಾನು ಹೇಳ್ತಿರೋದು ಆಫೀಸೂ ಇಲ್ಲದ, ಮನೆ ಬೀರುವಲ್ಲಿ ರಶೀದಿ ಪುಸ್ತಕ ಇಟ್ಕೊಂಡಿರೋ ಸಣ್ಣ ಟ್ರಸ್ಟುಗಳ ವಿಷಯ. ಒಬ್ಬರು ಯಾರಿಗೆ ಕೊಡ್ತಾರೆ ಅನ್ನೋದು ಪಕ್ಕದ ಊರಿನ ಇನ್ನೊಬ್ಬರಿಗೆ ಗೊತ್ತೇ ಇರಲ್ಲ. ಅಂಥವರೆಲ್ಲ ಸೇರಿ ಒಂದು ಸಂಘ ಅಂತ ಮಾಡ್ಕೊಂಡು ಒಂದು ವರ್ಷ ಆಯ್ತು, ಮೊದಲ ವಾರ್ಷಿಕ ಸಭೆ ಜೂನಲ್ಲಿ ಗೋಣಿಕೊಪ್ಪದಲ್ಲಿ ನಡೀತು. ನಮ್ಮ ಮನೆ ಟ್ರಸ್ಟಿನ ಲೆಕ್ಕ ನೋಡ್ಕೊಳ್ಳೋದು ನಾನಾದ್ರಿಂದ ನಾನೂ ಹೋಗಿದ್ದೆ, ನಡಾವಳಿ ಬರೆಯೋ ಕೆಲಸಾನೂ ನನಗೇ ಬಂತು.

ಸಂಘ ಯಾಕೆ ಬೇಕಾಯ್ತು ಅಂದ್ರೆ 2018ರ ಆಗಸ್ಟ್ ನೆನಪಿರೋ ಯಾರಿಗಾದ್ರೂ ಅರ್ಥ ಆಗುತ್ತೆ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ಕಾಲೂರು ಕಡೆ ಗುಡ್ಡ ಕುಸಿದಾಗ ರಾಜ್ಯದ ಮೂಲೆ ಮೂಲೆಯಿಂದ ಲಾರಿ ಲಾರಿ ಸಾಮಾನು ಬಂತು, ಅಕ್ಕಿ, ಬಿಸ್ಕತ್ತು, ನೀರಿನ ಬಾಟಲಿ, ಬಟ್ಟೆ, ಬಟ್ಟೆ, ಮತ್ತೆ ಬಟ್ಟೆ. ಕಳಿಸಿದ ಜನರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಎರಡು ತಿಂಗಳು ಕಳೆದ ಮೇಲೆ ಬಾಡಿಗೆ ಮನೆ ಅಡ್ವಾನ್ಸಿಗೆ, ಹಾಸ್ಟೆಲ್ ಫೀಸಿಗೆ, ಕೊಚ್ಚಿ ಹೋದ ದಾಖಲೆ ಮತ್ತೆ ಮಾಡಿಸೋ ಓಡಾಟಕ್ಕೆ ಕೈಯಲ್ಲಿ ಕಾಸಿಲ್ಲದೆ ಕೂತಿದ್ದ ಮನೆಗಳನ್ನ ನಾನೇ ಕಣ್ಣಾರೆ ನೋಡಿದೀನಿ, ಅಷ್ಟೊತ್ತಿಗೆ ಎಲ್ಲಾ ಟ್ರಸ್ಟಿನವರೂ ತಮ್ಮ ಆ ವರ್ಷದ ದುಡ್ಡನ್ನ ಮೊದಲ ವಾರದಲ್ಲೇ ಖರ್ಚು ಮಾಡಿ ಆಗಿತ್ತು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿ. ಪ್ರತಿ ಸಲಾನೂ ಎಲ್ಲರೂ ಒಂದೇ ಕಡೆಗೆ ಓಡೋದು, ಒಂದೇ ಸಾಮಾನು ಕೊಡೋದು.

ಸಭೇಲಿ ಮೊದಲು ಓದಿದ್ದು ಅರ್ಜಿ ಫಾರ್ಮಿನ ವಿಷಯ. ಕೇಳೋಕೆ ಸಣ್ಣದು ಅನ್ಸುತ್ತೆ, ನನ್ನ ಪ್ರಕಾರ ವರ್ಷದ ದೊಡ್ಡ ಕೆಲಸ ಇದೇ. ಮೊದಲು ಹಾಡಿ (ಆದಿವಾಸಿಗಳ ಕೇರಿ) ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡೋ ಒಬ್ಬ ಹೆಣ್ಣುಮಗಳು ನಾಲ್ಕು ಟ್ರಸ್ಟಿಗೆ ನಾಲ್ಕು ಥರ ಬರೀಬೇಕಿತ್ತು, ಒಬ್ಬರಿಗೆ ಇಂಗ್ಲಿಷಲ್ಲಿ ಪ್ರಾಜೆಕ್ಟ್ ರಿಪೋರ್ಟು, ಇನ್ನೊಬ್ಬರಿಗೆ ಫೋಟೋ ಆಲ್ಬಮ್ಮು, ಮತ್ತೊಬ್ಬರಿಗೆ ಪ್ರತಿ ತಿಂಗಳೂ ವರದಿ, ಪಾಠಕ್ಕಿಂತ ಪೇಪರಿಗೇ ಜಾಸ್ತಿ ಹೊತ್ತು ಹೋಗೋದು. ಅಮೇರಿಕದಲ್ಲಿ ಇಂಥ ಪ್ರಾದೇಶಿಕ ದಾನಿ ಸಂಘಗಳು ತುಂಬಾ ವರ್ಷದಿಂದ ಇದಾವೆ, ಅಲ್ಲಿ ಎಷ್ಟೋ ಕಡೆ ಎಲ್ಲಾ ಫೌಂಡೇಶನ್ನಿಗೂ ಒಂದೇ ಅರ್ಜಿ ಅನ್ನೋ ಪದ್ಧತಿ ಮಾಡ್ಕೊಂಡಿದ್ರು, ಮಗಳ ಮನೆಗೆ ಅಂತ ಹೋಗಿದ್ದ ನಮ್ಮ ಹಿರಿಯ ಸದಸ್ಯರೊಬ್ಬರು ಅದನ್ನ ವಿಚಾರಿಸ್ಕೊಂಡು ಬಂದು ಹಠ ಹಿಡಿದ್ರು. ಈಗ ನಮ್ಮದು ಎರಡು ಪುಟ, ಕನ್ನಡದಲ್ಲಿ, ಕೈಬರಹದಲ್ಲಿದ್ರೂ ಸರಿ. ಒಂದು ಅರ್ಜಿ ಕೊಟ್ರೆ ಎಲ್ಲರೂ ಓದ್ತಾರೆ, ನೋಡೋಕೆ ಹೋಗೋರೂ ಒಟ್ಟಿಗೆ ಒಂದೇ ಸಲ ಹೋಗ್ತಾರೆ.

ಆಮೇಲೆ ಬಂದಿದ್ದು ದುಡ್ಡು ಒಟ್ಟು ಹಾಕೋ ಪ್ರಶ್ನೆ, ಸಂಘಕ್ಕೇ ಒಂದು ಟ್ರಸ್ಟು ಮಾಡಿ ಎಲ್ಲರೂ ಅದಕ್ಕೆ ಹಾಕೋಣ ಅಂತ ಸುಮಾರು ಜನಕ್ಕೆ ಆಸೆ ಇತ್ತು. ಇಲ್ಲಿ ನಾನು ಎದ್ದು ಮಾತಾಡಬೇಕಾಯ್ತು. 2023ರ ಹಣಕಾಸು ಕಾಯ್ದೇಲಿ ಒಂದು ಬದಲಾವಣೆ ಆಯ್ತು, ಒಂದು ಟ್ರಸ್ಟು ಇನ್ನೊಂದು ನೋಂದಾಯಿತ ಟ್ರಸ್ಟಿಗೆ 1 ಲಕ್ಷ ಕೊಟ್ರೆ ಕೊಟ್ಟವರ ತೆರಿಗೆ ಲೆಕ್ಕದಲ್ಲಿ 85 ಸಾವಿರ ಮಾತ್ರ ಧರ್ಮಕಾರ್ಯಕ್ಕೆ ಖರ್ಚಾಯ್ತು ಅಂತ ಹಿಡೀತಾರೆ. ನಾವು ಸಂಘಕ್ಕೆ, ಸಂಘ ಕೆಲಸ ಮಾಡೋ ಸಂಸ್ಥೆಗೆ ಅಂತ ಎರಡು ಮೆಟ್ಟಿಲು ಹಾಕಿದ್ರೆ ಪ್ರತಿ ಮೆಟ್ಟಿಲಲ್ಲೂ ಈ ಕಡಿತ ಕೂರುತ್ತೆ. ಹಾಗಾಗಿ ಸಂಘದ ಕೈಗೆ ದುಡ್ಡು ಬರೋದೇ ಬೇಡ, ಕೂತು ತೀರ್ಮಾನ ಒಟ್ಟಿಗೆ ಮಾಡೋದು, ಚೆಕ್ಕು ಮಾತ್ರ ಅವರವರೇ ನೇರವಾಗಿ ಬರೆಯೋದು ಅಂತಾಯ್ತು. ಹೊರದೇಶದ ಮಕ್ಕಳ ದುಡ್ಡಿನ ಮಾತೂ ಬಂತು, ಇಂಡಿಯನ್ ಪಾಸ್‌ಪೋರ್ಟ್ ಇಟ್ಕೊಂಡಿರೋರು ತಮ್ಮ ಉಳಿತಾಯದಿಂದ ಬ್ಯಾಂಕಲ್ಲಿ ಕಳಿಸಿದ್ರೆ ತೊಂದ್ರೆ ಇಲ್ಲ, ಪಾಸ್‌ಪೋರ್ಟ್ ಬದಲಾಗಿದ್ರೆ ಅದು ವಿದೇಶಿ ದೇಣಿಗೆ ಆಗುತ್ತೆ, ವಿದೇಶಿ ದೇಣಿಗೆ ಕಾಯ್ದೆ (ಎಫ್‌ಸಿಆರ್‌ಎ) ಪ್ರಕಾರ ಅನುಮತಿ ಇಲ್ಲದೆ ಮುಟ್ಟೋ ಹಾಗಿಲ್ಲ.

ಇನ್ನು ಡೀಸೆಲ್ಲು. ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಹಾಸಿಗೆ ಹಿಡಿದವರನ್ನ ನೋಡ್ಕೊಳ್ಳೋಕೆ ಒಬ್ಬ ನರ್ಸು, ಒಂದು ಹಳೇ ಜೀಪು, ಒಬ್ಬ ಡ್ರೈವರ್ರು, ಇಷ್ಟೇ ಇರೋ ಒಂದು ಸಣ್ಣ ಸಂಸ್ಥೆ. ಅವರಿಗೆ ವೀಲ್‌ಚೇರು ಕೊಟ್ಟವರಿದ್ರು, ವಾಟರ್ ಬೆಡ್ ಕೊಟ್ಟವರಿದ್ರು, ಅದನ್ನೆಲ್ಲ ಮನೆ ಬಾಗಿಲಿಗೆ ಮುಟ್ಟಿಸೋ ಜೀಪಿನ ಡೀಸೆಲ್ಲು, ಡ್ರೈವರ್ ಸಂಬಳ ಕೇಳಿದ್ರೆ ಮಾತ್ರ ಅದಕ್ಕೆಲ್ಲ ನಾವು ಕೊಡಲ್ಲ ಅನ್ನೋರು. ಡ್ರೈವರ್ರು ಸಭೆಗೆ ತನ್ನ ನೋಟ್‌ಬುಕ್ ತಂದಿದ್ದ, ರಟ್ಟು ಕಿತ್ತು ಹೋಗಿರೋ 200 ಪುಟದ ಪುಸ್ತಕ. ಒಂದೊಂದು ದಿನಕ್ಕೂ ಒಂದು ಸಾಲು, ಹೊರಟ ಕಿಲೋಮೀಟರ್, ಬಂದ ಕಿಲೋಮೀಟರ್, ಎಷ್ಟು ಲೀಟರ್ ಹಾಕಿಸಿದ್ದು, ಯಾವ ತೋಟ. ಅಂಚಲ್ಲಿ ಪೆನ್ಸಿಲಲ್ಲಿ ಸಣ್ಣ ಅಕ್ಷರ, "ಆನೆ ದಾರೀಲಿತ್ತು, ವಾಪಸ್", "ಅಜ್ಜಿ ತೀರ್ಕೊಂಡಿದ್ರು, ಟ್ಯೂಬು ಬಿಚ್ಚಿ ಬಂದ್ವಿ", "ಮಳೆ, ಸೇತುವೆ ಮೇಲೆ ನೀರು". ಪುಸ್ತಕ ಕೈಯಿಂದ ಕೈಗೆ ಹೋಯ್ತು, ಒಂದು ಕೆಲಸ ನಡೀತಿದೆ ಅನ್ನೋಕೆ ಇದಕ್ಕಿಂತ ಒಳ್ಳೇ ವರದಿ ನಾನು ಓದಿಲ್ಲ. ಆ ಜೀಪಿಗೆ ಮೂರು ವರ್ಷ ಡೀಸೆಲ್ಲು, ಸಂಬಳ ಎರಡೂ ಕೊಡ್ತೀವಿ ಅಂತ ಮೂರು ಟ್ರಸ್ಟು ಅಲ್ಲೇ ಒಪ್ಕೊಂಡ್ವು, ಅದರಲ್ಲಿ ನಮ್ಮದೂ ಒಂದು, ಅದರ ಖುಷಿ ನನಗೆ ಇವತ್ತಿಗೂ ಇದೆ.

ಎಲ್ಲರೂ ಒಪ್ಪಿದ್ರು ಅಂತಲ್ಲ. ನಮ್ಮ ತಂದೆ ಹೆಸರಿನ ಬೋರ್ಡ್ ಎಲ್ಲಿ ಹಾಕೋದು, ಡೀಸೆಲ್ ಟ್ಯಾಂಕ್ ಮೇಲಾ ಅಂತ ಒಬ್ಬರು ಬೇಜಾರಲ್ಲೇ ಕೇಳಿದ್ರು. ಅವರ ನೋವು ಸುಳ್ಳಲ್ಲ, ಹಿರಿಯರ ಹೆಸರು ಉಳೀಲಿ ಅಂತಲೇ ಎಷ್ಟೋ ಜನ ಟ್ರಸ್ಟ್ ಮಾಡಿರ್ತಾರೆ. ಕಟ್ಟಡಕ್ಕೆ ಕೊಡೋರು ಕೊಡ್ಲಿ, ಜೊತೆಗೆ ಆ ಕಟ್ಟಡದ ಬಾಗಿಲು ತೆಗೆಯೋರ ಸಂಬಳಕ್ಕೂ ಒಂದು ಪಾಲು ಇಡ್ಲಿ ಅಂತ ಮಾತಾಯ್ತು, ಅವರು ಯೋಚನೆ ಮಾಡ್ತೀನಿ ಅಂದ್ರು.

ಆಗದೆ ಉಳಿದಿದ್ದೂ ಇದೆ. ದಿಡ್ಡಳ್ಳಿಯಿಂದ 2016ರ ಡಿಸೆಂಬರಲ್ಲಿ ಒಕ್ಕಲೆಬ್ಬಿಸಿದ ಆದಿವಾಸಿ ಕುಟುಂಬಗಳಿಗೆ ಆಮೇಲೆ ಕುಶಾಲನಗರದ ಹತ್ತಿರ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಜಾಗ ಕೊಟ್ರಲ್ಲ, ಆ ಕಡೆಯಿಂದ ನಮಗೆ ಒಂದು ಅರ್ಜೀನೂ ಬಂದಿಲ್ಲ. ಅರ್ಜಿ ಬರೋದನ್ನ ಕಾಯ್ತಾ ಕೂತ್ರೆ ಬರೆಯೋಕೆ ಬರೋರಿಗೆ ಮಾತ್ರ ಸಿಗುತ್ತೆ, ನಾವೇ ಹೋಗಿ ಕೇಳಬೇಕು ಅಂತ ನಾನು ನಡಾವಳೀಲಿ ಅಡಿಗೆರೆ ಹಾಕಿ ಬರೆದಿದೀನಿ. ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಕೊಡೋ ಸಿಎಸ್‌ಆರ್ ದುಡ್ಡೂ ಇಲ್ಲಿಗೆ ಸುಲಭವಾಗಿ ಬರಲ್ಲ. ಕಂಪನಿ ಕಾಯ್ದೆ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2% ಕೊಡಬೇಕು, ತಾವಿರೋ ಜಾಗಕ್ಕೆ ಆದ್ಯತೆ ಕೊಡಬೇಕು ಅಂತಾನೂ ಅದರಲ್ಲೇ ಇದೆ. ದೊಡ್ಡ ಫ್ಯಾಕ್ಟರಿಗಳಿಲ್ಲದ ನಮ್ಮ ಜಿಲ್ಲೆಗೆ ಆ ಆದ್ಯತೆ ಎಲ್ಲಿಂದ ಬರಬೇಕು? ನಮಗೆ ಗತಿ ಕಾಫಿ ದುಡ್ಡೇ. ಹಣ್ಣು ಒಣಗಿಸಿ ಹಾಗೇ ಮಾರೋ ಬೆಳೆಗಾರರ ಆದಾಯ ಕೃಷಿ ಆದಾಯ, ತೆರಿಗೇನೇ ಇಲ್ಲ, ದಾನಕ್ಕೆ ತೆರಿಗೆ ರಿಯಾಯಿತಿ ಕೊಡಿಸೋ 80ಜಿ ರಶೀದಿಯಿಂದ ಅವರಿಗೆ ಏನೂ ಲಾಭ ಇಲ್ಲ, ಆದ್ರೂ ಕೊಡ್ತಾರೆ. ರೋಬಸ್ಟಾ ರೇಟು 2024-25ರಲ್ಲಿ ಹಿಂದೆಂದೂ ಇಲ್ಲದಷ್ಟು ಏರಿದಾಗ ಕೆಲವರು ಫೋನ್ ಮಾಡಿ, ಈ ಸಲ ಜಾಸ್ತಿ ಬರ್ಕೊಳ್ಳಿ ಅಂದ್ರು. ರೇಟು ಇಳಿದ ವರ್ಷಕ್ಕೆ ಅಂತ ಅದರಲ್ಲಿ ಒಂದು ಭಾಗ ಎತ್ತಿಡಬೇಕು, ಮೂರು ವರ್ಷದ ಮಾತು ಕೊಟ್ಟಿದೀವಲ್ಲ.

ಮಳೆಗಾಲಕ್ಕೆ ಅಂತ ಪ್ರತಿ ಟ್ರಸ್ಟೂ ಒಂದಿಷ್ಟು ಮುಟ್ಟದೆ ಇಟ್ಟಿರಬೇಕು, ಅನಾಹುತ ಆದ್ರೆ ಮೊದಲ ವಾರಕ್ಕೆ ಯಾರು, ಮೂರನೇ ತಿಂಗಳಿಗೆ ಯಾರು ಅಂತ ಪಟ್ಟಿ ಈಗಲೇ ಆಗಿದೆ. ಹೊಸ ಅರ್ಜಿ ತಗೊಳ್ಳೋದು ಸೆಪ್ಟೆಂಬರಲ್ಲಿ ಬರೋ ಕೈಲ್‌ಪೊಳ್ದು ಹಬ್ಬ ಮುಗಿದ ಮೇಲೆ. ಸುಗ್ಗಿ ಹಬ್ಬ ಪುತ್ತರಿ ಕಳೆದ್ರೆ ಎಲ್ಲರೂ ಕಾಫಿ ಕೊಯ್ಲಲ್ಲಿ ಇರ್ತಾರೆ, ಯಾರೂ ಸಿಗಲ್ಲ, ಅದಕ್ಕೇ ಅಷ್ಟರೊಳಗೆ ನೋಡಿ ಬಂದು ತೀರ್ಮಾನ ಮಾಡ್ತೀವಿ. ಬ್ಯಾಡಗೊಟ್ಟಕ್ಕೆ ಮಾತ್ರ ಅಲ್ಲೀವರೆಗೂ ಕಾಯೋದಿಲ್ಲ, ಮಳೆ ಸ್ವಲ್ಪ ಬಿಡುವು ಕೊಟ್ರೆ ಮುಂದಿನ ತಿಂಗಳೇ ಹೊರಡ್ತೀವಿ, ಅಲ್ಲಿನ ಎರವ ಆದಿವಾಸಿಗಳ ಭಾಷೆ ಬರೋ ಒಬ್ಬರು ಜೊತೆಗೆ ಬರ್ತೀನಿ ಅಂದಿದಾರೆ.