‘ಅಳಿಯಕಟ್ಟು ನಿಮ್ಮ ಜೀನಿನಲ್ಲೇ ಇದೆಯಾ?’

ತುಳುನಾಡಿನವರಾದ ನಮ್ಮನ್ನು ಎಷ್ಟೋ ಜನ ಹೀಗೆ ಕೇಳುತ್ತಾರೆ. ಇಲ್ಲ ಮಾರಾಯ್ರೆ, ಇಲ್ಲ. ಮನೆಯ ಆಸ್ತಿ ತಾಯಿಯಿಂದ ಮಗಳ ಸಂತಾನಕ್ಕೆ ಇಳಿಯಬೇಕು, ಯಜಮಾನಿಕೆ ಸೋದರಮಾವನಿಂದ ಅಳಿಯನಿಗೆ (ಅಕ್ಕತಂಗಿಯರ ಮಗನಿಗೆ) ಹೋಗಬೇಕು ಎಂದು ವಿಧಿಸುವ ಜೀನು ಯಾರ ಮೈಯಲ್ಲೂ ಸಿಕ್ಕಿಲ್ಲ.

ಜೀನೇ ಕಾರಣವಾಗಿದ್ದರೆ ಕಾಸರಗೋಡಿನ ಒಂದೇ ಊರಲ್ಲಿ ಬಂಟರ ಮನೆಯಲ್ಲಿ ಅಳಿಯಕಟ್ಟು, ಬೇಲಿಯಾಚೆ ಹವ್ಯಕರ ಮನೆಯಲ್ಲಿ ಮಕ್ಕಳಕಟ್ಟು (ಅಪ್ಪನಿಂದ ಮಕ್ಕಳಿಗೆ ಇಳಿಯುವ ಪದ್ಧತಿ) ಇದ್ದದ್ದನ್ನು ವಂಶವಾಹಿಯ ಭೇದದಿಂದಲೇ ವಿವರಿಸಬೇಕಾಗುತ್ತದೆ. ಹಾಗೆ ವಿವರಿಸಲು ಹೊರಟರೆ ಇನ್ನೊಂದು ತೊಡಕು: ಚಂದ್ರಗಿರಿ ಹೊಳೆ ದಾಟಿದರೆ ನಾಯರ್ ತರವಾಡುಗಳಲ್ಲಿ (ಕೂಡುಕುಟುಂಬಗಳಲ್ಲಿ) ಅಳಿಯಕಟ್ಟಿನಂಥದ್ದೇ ಆದ ಮರುಮಕ್ಕತ್ತಾಯ ಇತ್ತು, ಕಣ್ಣೂರಿನ ಕಡೆಯ ಎಷ್ಟೋ ಮಾಪಿಳ್ಳೆ ಮುಸ್ಲಿಂ ಮನೆತನಗಳಲ್ಲೂ ಅದೇ. ಮೇಘಾಲಯದ ಖಾಸಿಗಳಲ್ಲಿ, ಸುಮಾತ್ರಾದ ಮಿನಾಂಗ್‌ಕಬಾವು ಜನರಲ್ಲಿ ಕೂಡ ಆಸ್ತಿ ಹೆಣ್ಣಿನ ದಾರಿಯಲ್ಲಿ ಇಳಿಯುತ್ತದೆ. ಇವರೆಲ್ಲ ಒಂದೇ ಮೂಲದವರಲ್ಲ. ಇನ್ನು ಕಟ್ಟು ಬಿಚ್ಚಿಹೋದ ವೇಗ ನೋಡಿ. 1949ರಲ್ಲಿ ಮದ್ರಾಸ್ ಸರಕಾರ ಅಳಿಯಸಂತಾನ (ಅಳಿಯಕಟ್ಟಿನ ಇನ್ನೊಂದು ಹೆಸರು) ಕಾಯ್ದೆ ತಂದಿತು. ಕೇರಳದ 1975ರ ಕಾಯ್ದೆ ಅವಿಭಕ್ತ ಕುಟುಂಬದ ಹಕ್ಕನ್ನೇ ರದ್ದು ಮಾಡಿ 1976ರ ಡಿಸೆಂಬರ್ 1ರಿಂದ ಜಾರಿಗೆ ಬಂತು. ಅಷ್ಟರೊಳಗೆ ಹುಟ್ಟಿದ ತಲೆಮಾರು ಒಂದೋ ಎರಡೋ. ಇಡೀ ಸಮುದಾಯದ ಜೀನು ಅಷ್ಟು ಬೇಗ ಮಗ್ಗುಲು ಬದಲಿಸುವುದಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಪ್ರಶ್ನೆಗೆ ಒಂದು ಬಾಲವಿದೆ, ಅದನ್ನು ದನಿ ತಗ್ಗಿಸಿ ಕೇಳುತ್ತಾರೆ: ‘ಅಪ್ಪ ಯಾರೆಂದು ಖಾತ್ರಿ ಇರಲಿಲ್ಲವಲ್ಲ, ಅದಕ್ಕೇ ತಂಗಿಯ ಮಕ್ಕಳಿಗೆ ಕೊಡುತ್ತಿದ್ದದ್ದು, ಅಲ್ಲವಾ?’ ಇದು ನಮ್ಮ ಅಜ್ಜಿಯಂದಿರ ಮೇಲೆ ಹೊರಿಸುವ ಅಪವಾದ. ಅದಕ್ಕೆ ವಿಜ್ಞಾನದ ಹೆಸರು ಬೇರೆ. ಹಾಗಾದರೆ ಲೆಕ್ಕ ಮಾಡಿಯೇ ನೋಡೋಣ.

ರಕ್ತಸಂಬಂಧವನ್ನು ಅಳೆದು, ನೆರವು ಯಾರಿಗೆ ಹರಿಯುತ್ತದೆಂದು ಲೆಕ್ಕ ಹಾಕುವ ಸೂತ್ರವನ್ನು ಜೀವವಿಜ್ಞಾನಿ ಹ್ಯಾಮಿಲ್ಟನ್ 1964ರಲ್ಲಿ ಕೊಟ್ಟ. ಸ್ವಂತ ಮಗುವಿನೊಡನೆ ಸಂಬಂಧ ಶೇ. 50, ಒಡಹುಟ್ಟಿದ ತಂಗಿಯ ಮಗುವಿನೊಡನೆ ಶೇ. 25. ಈಗ ಹೆಂಡತಿಯ ಮಗು ತನ್ನದೇ ಎನ್ನುವ ಸಂಭವ ಅರ್ಧಕ್ಕೆ ಇಳಿಯಿತು ಎನ್ನಿ. ಹೆಂಡತಿಯ ಮಗುವಿನೊಡನೆ ಸರಾಸರಿ ಸಂಬಂಧ ಶೇ. 25 ಆಗುತ್ತದೆ. ಇಲ್ಲಿಗೆ ಎರಡೂ ಸಮವಾಯಿತು ಎಂದು ಹಲವರು ಲೆಕ್ಕ ನಿಲ್ಲಿಸಿಬಿಡುತ್ತಾರೆ. ತಂಗಿಗೂ ತನಗೂ ಅಪ್ಪ ಒಬ್ಬನೇ ಎನ್ನುವ ಖಾತ್ರಿಯೂ ಅದೇ ಊರಿನಲ್ಲಿ ಅದೇ ಪ್ರಮಾಣದಲ್ಲಿ ಕುಸಿದಿರಬೇಕಲ್ಲವೇ? ಅದನ್ನು ಸೇರಿಸಿದರೆ ತಂಗಿಯ ಮಗು ಶೇ. 15.6ಕ್ಕೆ ಇಳಿಯುತ್ತದೆ. ತಂಗಿಯ ಮಗು ಮುಂದೆ ಬರಬೇಕಾದರೆ ಪಿತೃತ್ವದ ಖಾತ್ರಿ ಶೇ. 27ಕ್ಕಿಂತ ಕೆಳಗಿರಬೇಕು. ಅಂದರೆ ನಾಲ್ಕು ಮಕ್ಕಳಲ್ಲಿ ಹತ್ತಿರ ಹತ್ತಿರ ಮೂವರು ಬೇರೆಯವರಿಗೆ ಹುಟ್ಟಿದವರು. ನಮೀಬಿಯಾದ ಹಿಂಬಾ ಪಶುಪಾಲಕರಲ್ಲಿ ಅಳೆದು 2020ರಲ್ಲಿ ಪ್ರಕಟಿಸಿದ ಶೇ. 48 (ಗಂಡನಲ್ಲದವರಿಗೆ ಹುಟ್ಟಿದ ಮಕ್ಕಳ ಪ್ರಮಾಣ) ತೀರಾ ಅಪರೂಪದ, ಬಹಳ ದೊಡ್ಡ ಅಂಕಿ. ಅಲ್ಲಿ ಕೂಡ ಖಾತ್ರಿ ಶೇ. 52 ಉಳಿಯಿತು, ಬೇಕಾದ ಮಟ್ಟದ ಸುಮಾರು ಎರಡು ಪಟ್ಟು. ಹೆಚ್ಚಿನ ಸಮಾಜಗಳಲ್ಲಿ ಖಾತ್ರಿ ಶೇ. 95ರ ಮೇಲೆಯೇ ಇರುತ್ತದೆ. ಅಪವಾದ ಲೆಕ್ಕದಲ್ಲೇ ಬಿದ್ದುಹೋಯಿತು.

ನನಗೆ ಯಾರೂ ಕೇಳದ ಪ್ರಶ್ನೆಯೊಂದಿದೆ: ಇದರಲ್ಲಿ ಅಜ್ಜಿಗೇನು ಲಾಭ? ಎಲ್ಲರೂ ಮಾವನನ್ನೂ ಅಪ್ಪನನ್ನೂ ತಕ್ಕಡಿಗೆ ಹಾಕುತ್ತಾರೆ. ಅಳಿಯಕಟ್ಟನ್ನು ಜಾರಿಗೆ ತಂದನೆಂದು ಹೇಳುವ ಅರಸ ಭೂತಾಳ ಪಾಂಡ್ಯನ ಕಥೆಯಲ್ಲೂ ಮಗನನ್ನು ಬಲಿಗೆ ಒಪ್ಪಿಸಲಾರೆನೆಂದವಳು ಹೆಂಡತಿ, ಒಪ್ಪಿಸಲು ಮುಂದೆ ಬಂದವಳು ತಂಗಿ, ತೀರ್ಮಾನ ಹೆಂಗಸರದೇ. ಕಟ್ಟಿನ ಬೆನ್ನೆಲುಬು ಕವರು, ಅಂದರೆ ಒಬ್ಬ ಹೆಣ್ಣಿನಿಂದ ಹೆಣ್ಣುಮಕ್ಕಳ ಮೂಲಕ ಇಳಿದುಬಂದ ಸಂತತಿ. ಅಳಿಯನದು ಮೇಲ್ವಿಚಾರಣೆ. ಆದ್ದರಿಂದ ತೂಗಬೇಕಾದದ್ದು ಆಸ್ತಿ ಮಗನಿಗೋ ಮಗಳಿಗೋ ಎನ್ನುವುದನ್ನು.

ಮಗಳ ಮಗು ಅಜ್ಜಿಯ ಸ್ವಂತ ಮೊಮ್ಮಗುವೆನ್ನುವುದು ಪೂರಾ ಖಾತ್ರಿ. ಸೊಸೆಯ ಮಗು ಕೂದಲೆಳೆಯಷ್ಟು ಕಡಿಮೆ, ಅಷ್ಟೇ. ಈ ಸಣ್ಣ ಅಂತರ ಎಲ್ಲೆಡೆ ಮುಖ್ಯವಾಗುವುದಿಲ್ಲ, ಯಾಕೆಂದರೆ ಮಗನಿಗೆ ಕೊಟ್ಟ ಸಂಪತ್ತು ಕೆಲವೆಡೆ ಮೊಮ್ಮಕ್ಕಳ ಸಂಖ್ಯೆಯನ್ನೇ ಬೆಳೆಸುತ್ತದೆ. ಜಾನುವಾರು ಅಂಥ ಸಂಪತ್ತು. ಆಫ್ರಿಕದ ಹಲವೆಡೆ ಮಗನಿಗೆ ದನ ಸಿಕ್ಕಿದರೆ ವಧುದಕ್ಷಿಣೆ ಕೊಟ್ಟು ಎರಡು ಮೂರು ಮದುವೆಯಾಗುತ್ತಾನೆ. ಬಾಂಟು ಭಾಷಿಕರಲ್ಲಿ ದನ ಸಾಕಣೆ ಬಂದ ಮೇಲೆ ಮಾತೃವಂಶ ಪದ್ಧತಿ ಅಳಿಯುತ್ತಾ ಹೋಯಿತೆಂದು ಮಾನವಶಾಸ್ತ್ರಜ್ಞರಾದ ಹೋಲ್ಡನ್ ಮತ್ತು ಮೇಸ್ 2003ರಲ್ಲಿ ತೋರಿಸಿದರು. ಬೈಲುಗದ್ದೆಯ ಗುಣ ಬೇರೆ. ಮಗನ ಕೈಯಲ್ಲಿದ್ದರೂ ಮಗಳ ಕೈಯಲ್ಲಿದ್ದರೂ ಬೆಳೆಯುವ ಭತ್ತ ಅಷ್ಟೇ, ಒಡೆದು ಹಂಚಿದರೆ ಎಲ್ಲರಿಗೂ ನಷ್ಟ. ಗಂಡಸರು ದಂಡಿಗೋ ವ್ಯಾಪಾರಕ್ಕೋ ಹೋಗಿ ವರ್ಷಗಟ್ಟಲೆ ಮರಳದಿದ್ದರೂ ಗದ್ದೆಯನ್ನು ನಡೆಸುವವರು ಮನೆಯಲ್ಲೇ ಉಳಿದ ಅಕ್ಕತಂಗಿಯರು. ಇಂಥಲ್ಲಿ ಮಗಳ ಕಡೆಗಿರುವ ಸಣ್ಣ ತೂಕವೇ ಸಾಕಾಗುತ್ತದೆ. ನನ್ನ ಮಟ್ಟಿಗೆ ತುಳುನಾಡಿಗೆ ಹೊಂದುವ ವಿವರಣೆ ಇದು, ಇದಕ್ಕೆ ಯಾವ ಹೆಣ್ಣಿನ ನಡತೆಯನ್ನೂ ಎಳೆದು ತರಬೇಕಾಗಿಲ್ಲ. ವಕೀಲಿಕೆ, ಸರಕಾರಿ ಸಂಬಳ, ಸ್ವಯಾರ್ಜಿತ ಹಣ ಬಂದಾಗ ಅಪ್ಪಂದಿರು ತಮ್ಮ ಮಕ್ಕಳ ಕಡೆ ತಿರುಗಿದ್ದೂ ಇದೇ ಲೆಕ್ಕಕ್ಕೆ ಕೂಡುತ್ತದೆ. ಹಂಚಬಹುದಾದ, ತಾನೇ ದುಡಿದ ಸಂಪತ್ತದು.

ಜೀನು ಕೊಟ್ಟದ್ದು ಏನೂ ಇಲ್ಲವೆಂದಲ್ಲ. ಹತ್ತಿರದವರ ಮೇಲಿನ ಮಮತೆ, ಒಟ್ಟಿಗೆ ಬೆಳೆದವರನ್ನು ನಮ್ಮವರೆಂದು ಗುರುತಿಸುವ ಬುದ್ಧಿ ಎಲ್ಲ ಮನುಷ್ಯರಿಗೂ ಸಾಮಾನ್ಯ. ಅದರ ಮೇಲೆ ಅಳಿಯಕಟ್ಟೂ ನಿಲ್ಲುತ್ತದೆ, ಮಕ್ಕಳಕಟ್ಟೂ ನಿಲ್ಲುತ್ತದೆ. ಸಂಸ್ಕೃತಿ ಜೀನನ್ನೇ ತಿದ್ದಿದ ಉದಾಹರಣೆ ಬೇಕಿದ್ದರೆ ಹಾಲು ನೋಡಿ: ದೊಡ್ಡವರಾದ ಮೇಲೂ ಹಾಲಿನ ಸಕ್ಕರೆ ಜೀರ್ಣಿಸಲು ಬಿಡುವ, ಡಿಎನ್‌ಎಯ ಒಂದಕ್ಷರದ ಬದಲಾವಣೆ ಎರಡನೆಯ ವರ್ಣತಂತುವಿನಲ್ಲಿದೆ, ವಾಯವ್ಯ ಭಾರತದಲ್ಲಿ ಹೆಚ್ಚು, ದಕ್ಷಿಣದಲ್ಲಿ ಕಡಿಮೆ. ಹೈನುಗಾರಿಕೆಯ ಬೆನ್ನಿಗೆ ಅದು ಹರಡಲು ಸಾವಿರಾರು ವರ್ಷ ಹಿಡಿಯಿತು. ಜಾಗ ತೋರಿಸಬೇಕು, ಕಾಲ ತೋರಿಸಬೇಕು. ಅಳಿಯಕಟ್ಟಿಗೆ ಜೀನು ಇದೆ ಎನ್ನುವವರು ಎರಡನ್ನೂ ತೋರಿಸಿಲ್ಲ.

ಈಚೆಗೆ ಕೆಲವರು ಡಿಎನ್‌ಎ ಪರೀಕ್ಷೆ ಮಾಡಿಸಿ ತಮ್ಮ ಬರಿ, ಅಂದರೆ ತಾಯಿಯ ಕಡೆಯ ಕುಲದ ಹೆಸರು, ಹುಡುಕಬಹುದಾ ಎಂದೂ ಕೇಳುತ್ತಾರೆ. ಬರಿ ತಾಯಿಯಿಂದ ಬರುತ್ತದೆ, ಮೈಟೊಕಾಂಡ್ರಿಯದ ಡಿಎನ್‌ಎಯೂ ತಾಯಿಯಿಂದಲೇ, ನಿಜ. ಅದರಲ್ಲಿರುವುದು 16,569 ಅಕ್ಷರ, 37 ಜೀನು. ಕೆಲಸ ಜೀವಕೋಶಕ್ಕೆ ಶಕ್ತಿ ಒದಗಿಸುವುದು. ಹೆಣ್ಣು ಸಂತಾನ ನಿಂತ ಮನೆ ಬೇರೆ ಮನೆಯ ಹುಡುಗಿಯನ್ನು ದತ್ತು ತೆಗೆದುಕೊಂಡರೆ ಅವಳ ಮಕ್ಕಳಿಗೆ ಬರಿ ದತ್ತುಮನೆಯದು, ಮೈಟೊಕಾಂಡ್ರಿಯ ಹೆತ್ತಮನೆಯದು. ಬರಿ ತಿಳಿಯಬೇಕಿದ್ದರೆ ಮನೆಯ ಹಿರಿಯ ಹೆಂಗಸರನ್ನು ಕೇಳಿ.