ಸರ್ಪಸುತ್ತು ಮಾಯ್ದ ಮೇಲೂ ಉಳಿಯುವ ಉರಿ: ಲಿಡೋಕೇನ್ ಪಟ್ಟಿ ನಮ್ಮ ಬಿಸಿಲಿನಲ್ಲಿ

ಗುಳ್ಳೆ ಒಣಗಿ, ಹಕ್ಕಳೆ ಉದುರಿ ಮೂರು ತಿಂಗಳು ದಾಟಿದರೂ ಪಕ್ಕೆಗೆ ಅಂಗಿ ತಾಕಿದರೆ ಉರಿ, ಫ್ಯಾನಿನ ಗಾಳಿ ಬಡಿದರೆ ಉರಿ, ರಾತ್ರಿ ಮಗ್ಗುಲು ಬದಲಿಸಿದರೆ ಕರೆಂಟ್ ಹೊಡೆದ ಹಾಗೆ ಚಳುಕು. ಸರ್ಪಸುತ್ತು ಬಂದುಹೋದ ಹಿರಿಯರಲ್ಲಿ ಹಲವರ ಪಾಡು ಇದು. ಚಿಕ್ಕಂದಿನಲ್ಲಿ ‘ಅಮ್ಮ’ (ಚಿಕನ್‌ಪಾಕ್ಸ್) ಬಂದಾಗ ಮೈಸೇರಿದ ವೈರಸ್ಸು ನರದ ಬುಡದಲ್ಲಿ ದಶಕಗಟ್ಟಲೆ ಅಡಗಿ ಕೂತು, ವಯಸ್ಸಾದ ಮೇಲೆ ಅದೇ ನರದ ಗುಂಟ ಹೊರಗೆ ಬರುತ್ತದೆ. ಬರುವಾಗ ನರವನ್ನೇ ಕೆಡಿಸಿಬಿಡುತ್ತದೆ. ಚರ್ಮ ಮಾಯುತ್ತದೆ, ನರ ಅಷ್ಟು ಬೇಗ ಮಾಯುವುದಿಲ್ಲ. ಉಳಿದ ಈ ನೋವಿಗೆ ಪ್ಯಾರಾಸಿಟಮಾಲ್, ಬ್ರೂಫೆನ್‌ಗಳಿಂದ ಸಾಮಾನ್ಯವಾಗಿ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. 5% ಲಿಡೋಕೇನ್ ಪಟ್ಟಿ, ಅಂದರೆ ಅರಿವಳಿಕೆ ಔಷಧ ಬೆರೆತ, ಚರ್ಮಕ್ಕೆ ಅಂಟಿಸುವ ಪಟ್ಟಿ, ಇರುವುದು ಇದಕ್ಕಾಗಿ. ಅಮೆರಿಕದಲ್ಲಿ 1999ರಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದೂ ಇದೇ ಒಂದು ನೋವಿಗೆ.

ಪಟ್ಟಿ ಕೊಳ್ಳುವ ಮೊದಲು ನೋವಿನ ಗಡಿ ಗುರುತಿಸಿಕೊಳ್ಳಿ. ಒಂದಿಷ್ಟು ಅರಳೆ ಹಿಡಿದು, ನೋವಿಲ್ಲದ ಚರ್ಮದಿಂದ ನೋವಿನ ಕಡೆಗೆ ಮೆಲ್ಲಗೆ ಸವರುತ್ತ ಬನ್ನಿ. ಉರಿ ಶುರುವಾದಲ್ಲಿ ಬಾಲ್‌ಪೆನ್ನಿನಿಂದ ಒಂದು ಚುಕ್ಕೆ. ನಾಲ್ಕೂ ಕಡೆಯಿಂದ ಹೀಗೆ ಮಾಡಿ ಚುಕ್ಕೆಗಳನ್ನು ಸೇರಿಸಿದರೆ ಗಡಿ ಸಿಕ್ಕಿತು. ಗಡಿ ಎಳೆಯಲು ಬರುವ, ಮುಟ್ಟಿದರೆ ಏಳುವ, ಚರ್ಮದ ಮಟ್ಟದ ನೋವಾಗಿದ್ದರೆ ಪಟ್ಟಿ ಪ್ರಯತ್ನಿಸಲು ಯೋಗ್ಯ. ಹರ್ನಿಯಾ, ಸ್ತನ, ಮೊಣಕಾಲಿನ ಆಪರೇಷನ್ ಆದ ಮೇಲೆ ಹೊಲಿಗೆಯ ಸುತ್ತ ಉಳಿಯುವ ಉರಿಗೂ ವೈದ್ಯರು ಇದನ್ನು ಬರೆಯುವುದುಂಟು.

ಗಡಿಯೇ ಸಿಗದಿದ್ದರೆ ದುಡ್ಡು ಉಳಿಸಿ. ಸೊಂಟದಿಂದ ಪಾದದವರೆಗೆ ಎಳೆಯುವ ಸಯಾಟಿಕಾದಲ್ಲಿ ತೊಂದರೆಯ ಮೂಲ ಬೆನ್ನುಮೂಳೆಯ ಹತ್ತಿರ ಆಳದಲ್ಲಿದೆ. ತೊಡೆಯ ಮೇಲೆ ಹಚ್ಚಿದ ಪಟ್ಟಿ ಅಲ್ಲಿಗೆ ಮುಟ್ಟುವುದಿಲ್ಲ. ಸಕ್ಕರೆ ಕಾಯಿಲೆಯವರ ಎರಡೂ ಅಂಗಾಲಿನ ಉರಿಗೆ ಕೆಲವರು ಹಚ್ಚುತ್ತಾರೆ. ಆದರೆ ಚಪ್ಪಲಿಯೊಳಗೆ ಪಟ್ಟಿ ಜಾರುತ್ತದೆ, ಮೊದಲೇ ಸ್ಪರ್ಶ ಕಮ್ಮಿಯಾದ ಪಾದಕ್ಕೆ ಮುಳ್ಳು ಚುಚ್ಚಿದ್ದು ಇನ್ನೂ ಗೊತ್ತಾಗುವುದಿಲ್ಲ. ಇನ್ನೊಂದು ಮಾತು: ನೋವೇ ಇಲ್ಲದೆ, ಬಣ್ಣ ಮಾಸಿದ ಮಚ್ಚೆಯಲ್ಲಿ ಸ್ಪರ್ಶ ಸತ್ತಿದ್ದರೆ ಅದು ಕುಷ್ಠದ ಲಕ್ಷಣವಿರಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ; ಅದರ ಗುಳಿಗೆ ಸರ್ಕಾರದಿಂದ ಪುಕ್ಕಟೆ ಸಿಗುತ್ತದೆ.

ಪಟ್ಟಿಯ ಅಳತೆ 10 ಸೆಂ.ಮೀ. ಅಗಲ, 14 ಸೆಂ.ಮೀ. ಉದ್ದ. ಒಂದು ಬದಿ ಬಟ್ಟೆ, ಇನ್ನೊಂದು ಬದಿ ಔಷಧ ಬೆರೆತ ಅಂಟು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಅಂಟಿನಲ್ಲಿರುವ ಲಿಡೋಕೇನ್ 700 ಮಿ.ಗ್ರಾಂ. ಅದರಲ್ಲಿ 12 ತಾಸಿನಲ್ಲಿ ಮೈಗಿಳಿಯುವುದು ಸುಮಾರು 3%, ಅಂದರೆ 20 ಮಿ.ಗ್ರಾಂ ಆಸುಪಾಸು. ಈ ಔಷಧವನ್ನು ಹೃದಯದ ಬಡಿತ ತಪ್ಪಿದಾಗ ಸಲೈನ್ ಮೂಲಕವೂ ಕೊಡುತ್ತಾರೆ. ಆಗ ರಕ್ತದಲ್ಲಿ ಇರಬೇಕಾದ ಮಟ್ಟದ ಹತ್ತರಲ್ಲೊಂದು ಪಾಲು ಮಾತ್ರ ಮೂರು ಪಟ್ಟಿ ಹಚ್ಚಿದಾಗ ಸಿಗುತ್ತದೆ. ವಯಸ್ಸಾದವರಿಗೆ ನರದ ನೋವಿನ ಗುಳಿಗೆಗಿಂತ ಪಟ್ಟಿ ಹಗುರ ಎನ್ನುವುದು ಈ ಲೆಕ್ಕದಿಂದಲೇ: ತಲೆ ತಿರುಗಿ ಬಚ್ಚಲಲ್ಲಿ ಬೀಳುವ ಭಯ ಕಡಿಮೆ.

ಹಲ್ಲು ಕೀಳುವಾಗಿನ ಇಂಜೆಕ್ಷನ್ನಿನಲ್ಲಿರುವುದೂ ಇದೇ ಔಷಧ. ನಮ್ಮ ಔಷಧಿ ಅಂಗಡಿಗಳಲ್ಲಿ ಲಿಗ್ನೊಕೇನ್ ಎಂಬ ಹೆಸರಲ್ಲೂ ಇರುತ್ತದೆ. ಪೆಟ್ಟುಬಿದ್ದ ನರದ ಎಳೆಗಳಲ್ಲಿ ಸೋಡಿಯಂ ಚಾನೆಲ್‌ಗಳು (ಸೋಡಿಯಂ ಕಣಗಳನ್ನು ಒಳಬಿಡುವ ಸಣ್ಣ ಬಾಗಿಲುಗಳು) ಕಾರಣವಿಲ್ಲದೆ ತೆರೆದುಕೊಂಡು ಸುಳ್ಳು ಸಂಕೇತ ಕಳಿಸುತ್ತಿರುತ್ತವೆ. ಲಿಡೋಕೇನ್ ಆ ಚಾನೆಲ್‌ಗಳನ್ನು ಮುಚ್ಚುತ್ತದೆ. ಪಟ್ಟಿಯಿಂದ ಇಳಿಯುವಷ್ಟು ಔಷಧಕ್ಕೆ ಚರ್ಮ ಪೂರ್ತಿ ಮರಗಟ್ಟುವುದಿಲ್ಲ. ಜೋಮು ಹಿಡಿಯಲಿಲ್ಲ, ಮಾಲು ನಕಲಿ ಎಂದು ಇನ್ನೊಂದನ್ನು ಮೇಲೆ ಹಚ್ಚುವವರಿದ್ದಾರೆ; ಬೇಡ. ಔಷಧದ ಜೊತೆಗೆ ಬಟ್ಟೆಯ ಪದರವೂ ಅಂಗಿಯ ಉಜ್ಜಾಟ ತಡೆಯುತ್ತದೆ, ಮೊದಲ ದಿನ ಸಿಗುವ ನೆಮ್ಮದಿಯಲ್ಲಿ ಅದರ ಪಾಲೂ ಇದೆ.

ಕೌಂಟರಿನಲ್ಲಿ ‘ನೋವಿನ ಪಟ್ಟಿ ಕೊಡಿ’ ಎಂದಷ್ಟೇ ಕೇಳಿದರೆ ಏನು ಕೈಗೆ ಬರುತ್ತದೋ ಹೇಳಲಾಗದು. ಕರ್ಪೂರ, ಮೆಂಥಾಲ್ ವಾಸನೆಯ ಪಟ್ಟಿ ಸ್ನಾಯು ನೋವಿಗೆ. ಕೆಟ್ಟ ನರದ ಮೇಲೆ ಅದು ಉರಿಯನ್ನು ಹೆಚ್ಚಿಸಲೂಬಹುದು. ಡೈಕ್ಲೋಫಿನ್ಯಾಕ್ ಪಟ್ಟಿ ಉಳುಕು, ಬಾವಿಗೆ. ಫೆಂಟನಿಲ್, ಬ್ಯೂಪ್ರೆನಾರ್ಫಿನ್ ಪಟ್ಟಿಗಳು ಅಫೀಮಿನ ಬಳಗದವು, ಕ್ಯಾನ್ಸರ್‌ನಂಥ ತೀವ್ರ ನೋವಿನವು, ದಿನಗಟ್ಟಲೆ ಮೈಮೇಲೆ ಇರುವಂಥವು. ಮನೆಯಲ್ಲಿ ಯಾರಿಗೋ ತಂದು ಉಳಿದ ಅಂಥ ಪಟ್ಟಿಯನ್ನು ಸರ್ಪಸುತ್ತಿನ ಅಜ್ಜಿಗೆ ಹಚ್ಚಿದರೆ ಉಸಿರೇ ನಿಲ್ಲಬಹುದು. ಆದ್ದರಿಂದ ಚೀಟಿಯಲ್ಲಿ ‘ಲಿಡೋಕೇನ್ 5%’ ಎಂದು ಬರೆಸಿಕೊಳ್ಳಿ, ಪೊಟ್ಟಣದ ಮೇಲೆ ಅದನ್ನೇ ಓದಿ. ಅಮೆರಿಕದಿಂದ ಮಕ್ಕಳು ತಂದುಕೊಟ್ಟ ಪಟ್ಟಿಯಲ್ಲಿ 1.8% ಎಂದಿದ್ದರೆ ಅದು ಕಮ್ಮಿ ಬಲದ್ದು ಎಂದುಕೊಳ್ಳಬೇಡಿ. ತೆಳು ಅಂಟಿನ ಆ ಪಟ್ಟಿ 5%ದಷ್ಟೇ ಔಷಧವನ್ನು ಮೈಗಿಳಿಸುತ್ತದೆ.

ಮೆಣಸಿನಕಾಯಿಯ ಖಾರ, ಅಂದರೆ ಕ್ಯಾಪ್ಸೈಸಿನ್, ಇದೇ ನೋವಿಗೆ ಬರುವ ಇನ್ನೊಂದು ಮದ್ದು. 8% ಕ್ಯಾಪ್ಸೈಸಿನ್ ಪಟ್ಟಿಯನ್ನು ಆಸ್ಪತ್ರೆಯಲ್ಲೇ ಹಚ್ಚಬೇಕು: ಪಾದಕ್ಕೆ 30 ನಿಮಿಷ, ಬೇರೆ ಕಡೆ 60 ನಿಮಿಷ. ಬಳ್ಳಾರಿ, ರಾಯಚೂರಿನ ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸಿದವರಿಗೆ ಆ ಉರಿಯ ಪರಿಚಯ ಹೇಳಬೇಕಿಲ್ಲ. ಹಾಗೆಂದು ಮನೆಯಲ್ಲಿ ಖಾರ ಅರೆದು ಹಚ್ಚಲು ಹೋಗಬೇಡಿ, ಬೊಬ್ಬೆ ಏಳುತ್ತದೆ.

ಇನ್ನು ತಾಸಿನ ಲೆಕ್ಕ. ವೈದ್ಯರು ಬೇರೆ ಹೇಳದಿದ್ದರೆ 12 ತಾಸು ಹಚ್ಚಿ, 12 ತಾಸು ಚರ್ಮವನ್ನು ಬರಿದಾಗಿ ಬಿಡಬೇಕು. ಒಮ್ಮೆಗೆ ಹೆಚ್ಚೆಂದರೆ ಮೂರು. ಬೆಳಿಗ್ಗೆ ಮೂರು, ಸಂಜೆ ಮತ್ತೆ ಮೂರು ಎನ್ನುವುದು ಈ ಲೆಕ್ಕದಲ್ಲಿಲ್ಲ. ಬಿಡುವಿನ 12 ತಾಸು ಚರ್ಮಕ್ಕೆ ಬೇಕು, ಇಲ್ಲದಿದ್ದರೆ ಅಂಟಿನ ಅಡಿಯಲ್ಲಿ ಕೆಂಪು, ತುರಿಕೆ ಏಳುತ್ತವೆ. ಯಾವ ಹೊತ್ತು ಆರಿಸಬೇಕು ಎಂಬುದು ನೋವನ್ನು ಅವಲಂಬಿಸಿದೆ. ನಿದ್ದೆ ಕೆಡಿಸುವ ನೋವಾದರೆ ರಾತ್ರಿ 8ರಿಂದ ಬೆಳಿಗ್ಗೆ 8. ಅಂಗಿ, ಜಂಪರು ತಾಕುವುದೇ ಕಷ್ಟವಾದರೆ ಹಗಲು. ನನ್ನ ಕೇಳಿದರೆ, ಮಾರ್ಚ್‌ನಿಂದ ಜೂನ್ ಮಳೆಯವರೆಗೆ ನಮ್ಮ ಕಡೆ ರಾತ್ರಿಯೇ ಸರಿ. 40 ಡಿಗ್ರಿ ದಾಟಿದ ಮಧ್ಯಾಹ್ನ ಹೊಲದಲ್ಲೋ ಬೈಕಿನ ಮೇಲೋ ಇರುವವರ ಬೆನ್ನ ಮೇಲೆ ಪಟ್ಟಿ ನಿಲ್ಲುವುದೇ ಇಲ್ಲ.

ಹಚ್ಚುವಾಗಿನ ತಯಾರಿಯಲ್ಲೇ ಅರ್ಧ ಕೆಲಸ ಇದೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಪೌಡರು, ಸರ್ಪಸುತ್ತಿಗೆಂದು ಬಳಿದ ಕೆಮ್ಮಣ್ಣು, ಇವುಗಳ ಜಿಡ್ಡು ಇಲ್ಲವೆ ಪುಡಿ ಸ್ವಲ್ಪ ಉಳಿದಿದ್ದರೂ ಅಂಟು ಹಿಡಿಯದು. ಸೋಪಿನಿಂದ ತೊಳೆದು, ಉಜ್ಜದೆ ಒತ್ತಿ ಒರೆಸಿ. ಬಿಸಿನೀರಿನ ಸ್ನಾನ ಮಾಡಿದ್ದರೆ ಮೈ ತಣ್ಣಗಾಗಿ ಬೆವರು ಪೂರ್ತಿ ಆರುವವರೆಗೆ ಕಾಯಿರಿ. ಫ್ಯಾನಿನ ಕೆಳಗೆ ಕಾಲು ತಾಸು ಕೂತರೆ ಆಯಿತು. ಕೂದಲಿದ್ದರೆ ಕತ್ತರಿಯಿಂದ ಕತ್ತರಿಸಿ, ಬ್ಲೇಡು ಆಡಿಸಬೇಡಿ. ಬ್ಲೇಡಿನ ಕಣ್ಣಿಗೆ ಕಾಣದ ಗೀರುಗಳಿಂದ ಔಷಧ ಬೇಕಾದ್ದಕ್ಕಿಂತ ಹೆಚ್ಚು ಒಳಗಿಳಿಯುತ್ತದೆ. ಇದೇ ಕಾರಣಕ್ಕೆ ಗುಳ್ಳೆ ಹಸಿ ಇರುವಾಗ, ಹುಣ್ಣಿನ ಮೇಲೆ, ಒಡೆದ ಚರ್ಮದ ಮೇಲೆ ಹಚ್ಚಲೇಬಾರದು.

ಸರ್ಪಸುತ್ತಿನ ನೋವು ಬೆನ್ನಿನಿಂದ ಎದೆಯ ಕಡೆಗೆ ಪಟ್ಟೆಯಾಗಿ ಬರುತ್ತದೆ. ಇಡೀ ಪಟ್ಟಿಯನ್ನು ಅಡ್ಡಕ್ಕೆ ಹಚ್ಚಿದರೆ ಅರ್ಧ ಔಷಧ ನೋವಿಲ್ಲದ ಜಾಗದಲ್ಲಿ ಕೂರುತ್ತದೆ. ಪ್ಲಾಸ್ಟಿಕ್ ಹಾಳೆ ತೆಗೆಯುವ ಮೊದಲೇ ಉದ್ದಕ್ಕೆ ಕತ್ತರಿಸಿ: 5 ಸೆಂ.ಮೀ. ಅಗಲದ ಎರಡು ತುಂಡು ಸಿಗುತ್ತವೆ, ತುದಿಗೆ ತುದಿ ಜೋಡಿಸಿದರೆ 28 ಸೆಂ.ಮೀ. ಪಟ್ಟೆ. ಒಂದೇ ಪಟ್ಟಿಯಲ್ಲಿ ಪಕ್ಕೆ ಸುತ್ತಿಬರುತ್ತದೆ. ಹಾಳೆ ತೆಗೆದ ಮೇಲೆ ಕತ್ತರಿಸಲು ಹೋದರೆ ಅಂಟು ಕತ್ತರಿಗೇ ಹತ್ತುತ್ತದೆ. ಚರ್ಮವನ್ನು ಎಳೆಯದೆ, ಒಂದು ತುದಿಯಿಂದ ಕೂರಿಸುತ್ತ ಬಂದು, ಅಂಗೈಯಿಂದ ಹತ್ತಿಪ್ಪತ್ತು ಎಣಿಸುವವರೆಗೆ ಒತ್ತಿಹಿಡಿಯಿರಿ, ಅಂಚುಗಳನ್ನು ವಿಶೇಷವಾಗಿ. ಮುಗಿದ ಕೂಡಲೇ ಕೈ ತೊಳೆಯಿರಿ. ಅದೇ ಕೈಯಲ್ಲಿ ಕಣ್ಣುಜ್ಜಿದರೆ ಕಣ್ಣಿನ ಸ್ಪರ್ಶ ಹೋಗಿ ಧೂಳು ಬಿದ್ದದ್ದೂ ತಿಳಿಯದು. ಹಣೆಯ ಮೇಲೆ ಸರ್ಪಸುತ್ತು ಆದವರಿಗೆ ಈ ಎಚ್ಚರ ಇನ್ನೂ ಮುಖ್ಯ, ಬೆವರು ಪಟ್ಟಿಯಿಂದ ಇಳಿದು ಕಣ್ಣಿಗೇ ಬರುತ್ತದೆ. ವೈದ್ಯರನ್ನು ಕೇಳದೆ ಮುಖಕ್ಕೆ ಹಚ್ಚಬೇಡಿ.

ಅಂಚು ಏಳುತ್ತಿದ್ದರೆ ಪೇಪರ್ ಟೇಪು ಅಂಟಿಸಿ, ಮೇಲೆ ಬಿಗಿಯಿಲ್ಲದ ಹತ್ತಿಯ ಬನಿಯನ್ ಹಾಕಿ. ಪ್ಲಾಸ್ಟಿಕ್ ಸುತ್ತಬೇಡಿ. ರಾತ್ರಿ 2ಕ್ಕೆ ಬಿದ್ದುಹೋದ ಪಟ್ಟಿಯ ಬದಲು ಹೊಸದು ಹಚ್ಚಿದರೂ ತೆಗೆಯುವುದು ಬೆಳಿಗ್ಗೆ 8ಕ್ಕೇ, ತಾಸನ್ನು ಮೊದಲ ಪಟ್ಟಿ ಹಚ್ಚಿದ ಹೊತ್ತಿನಿಂದಲೇ ಎಣಿಸಬೇಕು.

ಪಟ್ಟಿಯ ಮೇಲೆ ಕಾವು ಕೊಡುವುದೇ ನಮ್ಮ ಮನೆಗಳಲ್ಲಿ ನಡೆಯುವ ದೊಡ್ಡ ತಪ್ಪು. ಉಪ್ಪಿನ ಗಂಟು ಕಾಸಿ ಒತ್ತುವುದು, ಇಟ್ಟಂಗಿ ಕಾಯಿಸಿ ಬಟ್ಟೆಯಲ್ಲಿ ಸುತ್ತಿಡುವುದು, ಹೀಟಿಂಗ್ ಪ್ಯಾಡು ಯಾವುದೂ ಸಲ್ಲದು. ಬಿಸಿಗೆ ಚರ್ಮದ ರಕ್ತನಾಳ ಹಿಗ್ಗಿ ಔಷಧ ಬೇಗಬೇಗ ಒಳಗೆ ಹೋಗುತ್ತದೆ. ನಾಲಿಗೆ, ತುಟಿ ಜೋಮು ಹಿಡಿಯುವುದು, ಕಿವಿಯಲ್ಲಿ ಗುಂಯ್ ಎನ್ನುವುದು, ಬಾಯಲ್ಲಿ ಲೋಹದ ರುಚಿ, ಕಣ್ಣು ಮಂಜು, ಕೈ ನಡುಕ, ಇವು ರಕ್ತದಲ್ಲಿ ಔಷಧ ಏರಿದ ಗುರುತು. ಪಟ್ಟಿ ಕಿತ್ತು, ಜಾಗ ತೊಳೆದು, 108ಕ್ಕೆ ಫೋನ್ ಮಾಡಿ.

ದಾಸ್ತಾನಿಗೂ ಬಿಸಿಲು ಕೇಡು. ತಗಡಿನ ಮಾಳಿಗೆಯ ಅಡಿ, ಬೈಕಿನ ಡಿಕ್ಕಿ, ಟಿವಿ ಮೇಲೆ ಇಟ್ಟ ಪಟ್ಟಿಯ ಅಂಟು ಒಣಗಿ ಕಾಗದವಾಗುತ್ತದೆ. ಫ್ರಿಜ್ಜೂ ಬೇಡ. ಮಣ್ಣಿನ ಗೋಡೆಯ ಗೂಡು, ನೀರಿನ ಕೊಡದ ಪಕ್ಕದ ತಂಪು ಜಾಗ ಒಳ್ಳೆಯದು, ಪೊಟ್ಟಣ ಮಾತ್ರ ಒದ್ದೆಯಾಗಬಾರದು. ಅರ್ಧ ಕತ್ತರಿಸಿ ಉಳಿದದ್ದನ್ನು ಇಟ್ಟುಕೊಳ್ಳಬಹುದೇ ಎಂಬುದು ಪೊಟ್ಟಣದ ಜಾತಿಯ ಮೇಲಿದೆ: ಮತ್ತೆ ಮುಚ್ಚಲು ಬರುವ ಪೊಟ್ಟಣವಾದರೆ ಒಳಗಿಟ್ಟು ಗಾಳಿಯಾಡದಂತೆ ಮುಚ್ಚಿ, ತೆರೆದ ಕೂಡಲೇ ಬಳಸಿ ಎಂದು ಬರೆದಿದ್ದರೆ ಉಳಿದ ತುಂಡಿನ ಆಸೆ ಬಿಡಿ.

ತೆಗೆದ ಪಟ್ಟಿಯಲ್ಲಿ 95%ಕ್ಕಿಂತ ಹೆಚ್ಚು ಔಷಧ ಹಾಗೇ ಉಳಿದಿರುತ್ತದೆ, ಅಂದರೆ 665 ಮಿ.ಗ್ರಾಂಗೂ ಮೇಲೆ. ಅಂಗಳಕ್ಕೆ, ತಿಪ್ಪೆಗೆ ಎಸೆದದ್ದನ್ನು ಕೂಸು ಬಾಯಿಗೆ ಹಾಕಿಕೊಂಡರೆ ಫಿಟ್ಸ್ ಬರಬಹುದು, ನಾಯಿ ನುಂಗಿದರೂ ಅಪಾಯವೇ. ಅಂಟು ಒಳಬದಿಗೆ ಬರುವಂತೆ ಮಡಚಿ, ಖಾಲಿ ಪೊಟ್ಟಣಕ್ಕೆ ಹಾಕಿ, ಮುಚ್ಚಳವಿರುವ ಡಬ್ಬಿಗೆ ಹಾಕಿ. ಬಳಸಿದ್ದನ್ನೇ ಮರುದಿನ ಹಚ್ಚುವ ಉಳಿತಾಯವೂ ಬೇಡ. ಔಷಧ ಇದ್ದರೂ ಅಂಟು ಸತ್ತಿರುತ್ತದೆ.

ಹಲ್ಲಿನ ಇಂಜೆಕ್ಷನ್ನಿಗೆ ಅಲರ್ಜಿ ಆಗಿದ್ದವರು, ಲಿವರ್ ಕೆಟ್ಟವರು, ಹೃದಯದ ಲಯಕ್ಕೆ ಗುಳಿಗೆ ತೆಗೆದುಕೊಳ್ಳುವವರು, ಬಸುರಿಯರು ಮೊದಲು ವೈದ್ಯರಿಗೆ ತಿಳಿಸಿ. ಹಚ್ಚಿದಲ್ಲಿ ಸ್ವಲ್ಪ ಕೆಂಪಾಗುವುದು ಸಾಮಾನ್ಯ, ತೆಗೆದ ಮೇಲೆ ಇಳಿಯುತ್ತದೆ. ಉರಿ ಹೆಚ್ಚಾದರೆ ತೆಗೆದು, ಪೂರ್ತಿ ಶಮನವಾಗುವವರೆಗೆ ಮತ್ತೆ ಹಚ್ಚಬೇಡಿ. ಬೊಬ್ಬೆ ಎದ್ದರೆ ಅಲ್ಲಿಗೇ ನಿಲ್ಲಿಸಿ.

ಸಂಶೋಧನೆಗಳ ವಿಷಯದಲ್ಲಿ ಅತಿ ನಂಬಿಕೆ ಬೇಡ. ಔಷಧ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2014ರ ಪರಿಶೀಲನೆ, ಉತ್ತಮ ದರ್ಜೆಯ ಪ್ರಯೋಗಗಳ ಪುರಾವೆ ಸಾಲದು, ಆದರೂ ಕೆಲವು ರೋಗಿಗಳಿಗೆ ಗುಣ ಕಾಣುತ್ತದೆ ಎಂದಿತು. 2015ರ ಅಂತರರಾಷ್ಟ್ರೀಯ ಶಿಫಾರಸಿನಲ್ಲಿ ಪಟ್ಟಿಗೆ ಎರಡನೇ ಸಾಲಿನ ಸ್ಥಾನ; ಮೊದಲ ಸಾಲಿನಲ್ಲಿ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್‌ನಂಥ ಗುಳಿಗೆಗಳು. ಅವುಗಳ ಜೊತೆಗೇ ಪಟ್ಟಿ ಹಚ್ಚಬಹುದು. ಪಟ್ಟಿ ಸಿಕ್ಕಿತೆಂದು ಗುಳಿಗೆಯನ್ನು ದಿಢೀರನೆ ನಿಲ್ಲಿಸಬಾರದು. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ (ಹಿಂದಿನ ವಿಮ್ಸ್), ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್‌ಗೆ ಹೋದರೆ ಚರ್ಮರೋಗ ಇಲ್ಲವೆ ಅರಿವಳಿಕೆ ವಿಭಾಗದವರನ್ನು ಇದರ ಬಗ್ಗೆ ಕೇಳಿ. ಮನೆಯಲ್ಲಿ ಬೇರೆ ಯಾರಿಗಾದರೂ ಹೊಸದಾಗಿ ಸರ್ಪಸುತ್ತು ಎದ್ದರೆ ಪಟ್ಟಿಯ ಮಾತು ಆಮೇಲೆ: ಗುಳ್ಳೆ ಕಂಡ 72 ತಾಸಿನೊಳಗೆ ಅಸೈಕ್ಲೊವಿರ್‌ನಂಥ ವೈರಸ್ ಔಷಧ ಶುರುವಾಗಬೇಕು, ಕೆಮ್ಮಣ್ಣಿಗೆ ಕಾಯುತ್ತ ಆ ಮೂರು ದಿನ ಕಳೆಯಬೇಡಿ.

ಪಟ್ಟಿಗೆ ಕೊಡಬೇಕಾದ ಗಡುವು ಎರಡರಿಂದ ನಾಲ್ಕು ವಾರ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಬೆಳಿಗ್ಗೆ, ಸಂಜೆ ನೋವಿಗೆ 0ಯಿಂದ 10ರೊಳಗೆ ಅಂಕ ಬರೆಯಿರಿ, ಎಷ್ಟು ತಾಸು ನಿದ್ದೆ ಬಂತು ಎಂಬುದನ್ನೂ. ನಾಲ್ಕು ವಾರದ ಕೊನೆಗೆ 8 ಇದ್ದದ್ದು 7ಕ್ಕೇ ನಿಂತಿದ್ದರೆ ಪಟ್ಟಿ ನಿಮಗೆ ಕೂಡಿಬರಲಿಲ್ಲ, ನಿಲ್ಲಿಸಿ. 5ಕ್ಕೆ ಇಳಿದಿದ್ದರೆ ಮುಂದುವರಿಸಿ. ಮುಂದೆ ಅರಳೆಯಿಂದ ಗಡಿಯನ್ನು ಆಗಾಗ ಮತ್ತೆ ಎಳೆದು ನೋಡಿ. ಕುಗ್ಗಿದ್ದರೆ ಚಿಕ್ಕ ತುಂಡು ಸಾಕು, ಬಿಡುವಿನ ತಾಸನ್ನೂ ಹಿಗ್ಗಿಸಬಹುದು.