ದಿನಕ್ಕೆ ಎರಡು ಕ್ಲಾಸು, ನಿಮಗ್ಯಾಕ್ರೀ ಟೆನ್ಶನ್ನು?

ಬಳ್ಳಾರಿಯಲ್ಲಿ ಮದುವೆ ಮನೆಯಿರಲಿ, ಕಟಿಂಗ್ ಶಾಪ್ ಇರಲಿ, ವಿಶ್ವವಿದ್ಯಾಲಯದ ಮೇಷ್ಟ್ರು ಅಂತ ಗೊತ್ತಾದ ಕೂಡಲೇ ಈ ಪ್ರಶ್ನೆ ಬರುತ್ತದೆ. ಸಂಬಳದ ಲೆಕ್ಕ ಹಾಕಿಕೊಂಡೇ ಕೇಳುತ್ತಾರೆ. ಕೇಳಲಿ ಬಿಡಿ. ಈ ಬಿಸಿಲಲ್ಲಿ ಕೂಲಿ ಮಾಡುವವರಿಗೆ ಫ್ಯಾನಿನ ಕೆಳಗೆ ಕೂತವನ ದಣಿವು ಹೇಗೆ ಕಂಡೀತು?

ಗಂಟೆಯ ಲೆಕ್ಕ ಮೊದಲು ಮುಗಿಸುತ್ತೇನೆ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಕೇಂದ್ರದ ಯುಜಿಸಿಯ 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ಪಾಠ ಮಾಡಬೇಕು, ಅವರಿಗಿಂತ ಮೇಲಿನವರು 14. ಇದೇನು ಬೆನ್ನು ಮುರಿಯುವ ಹೊರೆಯಲ್ಲ. ಪಾಠ ಮಾಡಿ ಕಾಯಿಲೆ ಬಿದ್ದವರನ್ನು ನಾನಂತೂ ನೋಡಿಲ್ಲ.

ಸುಸ್ತಾಗುವುದು ಪಾಠ ಮಾಡಿದ್ದೇವೆ ಅಂತ ಪುರಾವೆ ಕೂಡಿಸುವುದರಲ್ಲಿ. 2010ರಲ್ಲಿ ಯುಜಿಸಿ ಮೇಷ್ಟ್ರ ಕೆಲಸವನ್ನು ಬಡ್ತಿಗಾಗಿ ಅಳೆಯಲು ಎಪಿಐ ಎಂಬ ಅಂಕಪದ್ಧತಿ ತಂದಿತು. ಆಮೇಲೆ ತಿದ್ದುಪಡಿ ಆದವು, ಅಂಕ ಎಣಿಸುವುದು ಹೋಗಲಿಲ್ಲ. 2018ರ ನಿಯಮದಲ್ಲಿ ಕಲಾ ವಿಭಾಗದ ಒಂದು ಸಂಶೋಧನಾ ಲೇಖನಕ್ಕೆ 10 ಅಂಕ, ಇಡೀ ಪುಸ್ತಕವನ್ನೇ ಅನುವಾದಿಸಿದರೆ 8. ವರ್ಷಗಟ್ಟಲೆ ಕೂತು ಒಂದು ಗ್ರಂಥವನ್ನು ಕನ್ನಡಕ್ಕೆ ತಂದವನಿಗಿಂತ ಆರು ಪುಟ ಬರೆದವನೇ ಮೇಲು! ದುಡ್ಡು ಕಟ್ಟಿದರೆ ವಾರದೊಳಗೆ ಅಚ್ಚು ಹಾಕಿಕೊಡುವ ಸಂಶೋಧನಾ ಪತ್ರಿಕೆಗಳಿಗೆ ಗಿರಾಕಿ ಸಿಕ್ಕಿದ್ದು ಈ ಲೆಕ್ಕದಿಂದಲೇ. 2018ರ ಮೇ ತಿಂಗಳಲ್ಲಿ ಯುಜಿಸಿ ತಾನೇ ಒಪ್ಪಿದ್ದ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. ನಂತರ ಬಂದ, ನಂಬಬಹುದಾದ ಪತ್ರಿಕೆಗಳ ಕೇರ್ ಪಟ್ಟಿಯನ್ನೂ 2025ರಲ್ಲಿ ಕೈಬಿಟ್ಟಿತು. ಬಡ್ತಿಗೆ ಕಾಯುತ್ತಿರುವವನು ಯಾವುದನ್ನು ನಂಬಿ ಬರೆಯಬೇಕು?

ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷವಂತೂ ಕೇಳಲೇಬೇಡಿ. ಐದು ವರ್ಷದ ದಾಖಲೆ, ಸಹಿ, ಸೀಲು, ತೆಗೆದ ಜಾಗದ ಗುರುತು (ಜಿಯೋ ಟ್ಯಾಗ್) ಇರುವ ಫೋಟೊ. ಗಿಡ ನೆಡುವಲ್ಲೂ ಗಿಡಕ್ಕಿಂತ ಮೊದಲು ಬ್ಯಾನರ್ ಬರುತ್ತದೆ. ಬಿತ್ತನೆ ಹೊತ್ತಿನಲ್ಲಿ ಪಹಣಿ ತಿದ್ದಿಸಲು ನಾಡ ಕಚೇರಿಗೆ ಅಲೆದಂತೆ ಆಗುತ್ತದೆ ನಮ್ಮ ಪಾಡು.

ನಮ್ಮ ಭಾಗದ ವಿಶ್ವವಿದ್ಯಾಲಯಗಳು ಎಳೆಯವು. ಬಳ್ಳಾರಿಯದು 2010ರದು, ಕೊಪ್ಪಳದ್ದು 2023ರದು. 1916ರ ಮೈಸೂರು ವಿಶ್ವವಿದ್ಯಾಲಯಕ್ಕೆ ಇರುವ ಮಾನದಂಡವೇ ಶಿಕ್ಷಣ ಸಂಸ್ಥೆಗಳ ರಾಷ್ಟ್ರೀಯ ಶ್ರೇಯಾಂಕವಾದ ಎನ್‌ಐಆರ್‌ಎಫ್‌ನಲ್ಲಿ ಇವಕ್ಕೂ. ಬಡ್ತಿಯ ಆಸೆಯೇ ಇಲ್ಲದ ಅತಿಥಿ ಉಪನ್ಯಾಸಕರೂ ಅದೇ ಫೈಲು ಹೊರುತ್ತಾರೆ. ಅವರ ಕಥೆ ಬೇರೆಯೇ ಬರೆಯಬೇಕು.

ಸಿರುಗುಪ್ಪ ಕಡೆಯ ಹಳ್ಳಿಯಿಂದ, ಮನೆಯಲ್ಲೇ ಮೊದಲಿಗಳಾಗಿ ಎಂ.ಎ.ಗೆ ಬಂದ ಹುಡುಗಿ 'ಮದುವಿ ಗೊತ್ತಾಗೇತ್ರಿ ಸರ್, ಓದು ಬಿಡ್ತೀನಿ' ಅನ್ನುತ್ತಾಳೆ. ಆಕೆಯ ಅಪ್ಪನಿಗೆ ಫೋನ್ ಮಾಡಿ, ಪರೀಕ್ಷೆ ಮುಗಿಯುವ ತನಕ ತಡೆಯಿರಿ ಅಂತ ಒಪ್ಪಿಸುವುದಕ್ಕೆ ಅಂಕದ ಪಟ್ಟಿಯಲ್ಲಿ ಯಾವ ಕಾಲಮ್ಮೂ ಇಲ್ಲ. ಮೇಷ್ಟ್ರಾದದ್ದು ಸಾರ್ಥಕ ಅನ್ನಿಸುವುದು ಮಾತ್ರ ಅಂಥ ದಿನವೇ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 'ಬರ್ನೌಟ್' ಅನ್ನು ಕೆಲಸದ ಜಾಗದ ಸಮಸ್ಯೆಯೆಂದು ವಿವರಿಸಿ ಮೂರು ಲಕ್ಷಣ ಹೇಳಿತು: ಬಳಲಿಕೆ, ಕೆಲಸದಿಂದ ಮನಸ್ಸು ದೂರವಾಗುವುದು, ಕೈಯಲ್ಲಿ ಕೆಲಸ ಸಾಗದಿರುವುದು. ನಾನು ಹೆಚ್ಚಾಗಿ ಕಂಡದ್ದು ಎರಡನೆಯದು. ಹೊಸ ಪುಸ್ತಕ ಬಂದರೆ ಸ್ಟಾಫ್ ರೂಮಿನಲ್ಲಿ ಓದಿ ಹೇಳುತ್ತಿದ್ದವರು ಈಗ 'ಇದಕ್ಕೆ ಪಾಯಿಂಟ್ ಎಷ್ಟು ಬರ್ತಾವು?' ಅನ್ನುತ್ತಾರೆ. ಯೋಗ ಶಿಬಿರ ಮಾಡಿಸಿದರೆ ಇದು ಹೋಗುವುದಿಲ್ಲ. ಶಿಬಿರದ ಫೋಟೊವನ್ನೂ ಅಪ್‌ಲೋಡ್ ಮಾಡಬೇಕಲ್ಲ!

2012ರ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆಯಲ್ಲಿ ಸಂಶೋಧನಾ ಪತ್ರಿಕೆಗಳ ಸಂಪಾದಕರು, ಪ್ರಕಾಶಕರೇ, ಲೇಖನ ಅಚ್ಚಾದ ಪತ್ರಿಕೆಗೆ ಇರುವ ಅಂಕ ಬಿಟ್ಟು ಬರಹದ ಹುರುಳು ನೋಡಿ ಅಂದಿದ್ದರು. ಬಡ್ತಿ ಕೊಡುವವರು ನಮ್ಮ ಮೂರು ಒಳ್ಳೆಯ ಲೇಖನ ತರಿಸಿ, ಕೂತು ಓದಲಿ, ಸಾಕು. ಹಾಗಂದರೆ ಓದಲು ಯಾರಿಗೂ ಪುರುಸೊತ್ತಿಲ್ಲ ಅನ್ನುತ್ತಾರೆ. ಹೇಗಿದ್ದೀತು, ಅವರ ಮೇಜಿನ ಮೇಲೂ ಫೈಲು ಬಿದ್ದಿವೆ.